ನೆನೆಯುವ ಅರಿವಿ, ನೆನೆಯದ ಅರಿವಿ

ಮಳೆಗಾಲದ ದಾಂಡೇಲಿಯಲ್ಲಿ ‘ಊಟ ಆತೇನ್ರಿ’ ಎಂದು ಕೇಳುವ ರೂಢಿ ನಮ್ಮ ಓಣಿಯಲ್ಲಿಲ್ಲ. ಬೇಲಿಯಾಚೆಯ ವೈನಿ ದಿನಾ ಕೇಳುವುದು ಒಂದೇ ಮಾತು: “ಮಾಸ್ತರ್ರ, ಅರಿವಿ ಒಣಗಿದ್ವೇನ್ರಿ?” ನನ್ನ ಉತ್ತರವೂ ಒಂದೇ: “ಎಲ್ಲಿ ಒಣಗಬೇಕ್ರಿ ವೈನಿ!” ಅಷ್ಟಾದ ಮೇಲೆ ಹರಟೆಗೆ ದಾರಿ ಸುಗಮ. ಬೇಲಿ ಅಂದರೆ ಮತ್ತೇನಲ್ಲ, ನಾಲ್ಕು ಬಿದಿರಿನ ಗೂಟ, ತಗಡಿನ ಇಳಿಜಾರಿನ ಕೆಳಗೆ ಕಟ್ಟಿದ ಒಂದು ನೈಲಾನ್ ಹಗ್ಗ, ಅದರ ಮೇಲೆ ಎರಡೂ ಮನೆಯ ಬಟ್ಟೆ. ನಮ್ಮ ಟವೆಲ್ಲು ಅವರ ಮನೆಯಲ್ಲಿ, ಅವರ ಮನೆಯವರ ಬನಿಯನ್ನು ನನ್ನ ಮೈಮೇಲೆ, ಇದೆಲ್ಲ ಇಲ್ಲಿ ಸಾಮಾನ್ಯ.

ಮೊನ್ನೆ ಮಾತ್ರ ಸಣ್ಣ ಜಗಳವೇ ಆಯಿತು. ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗ ಜೀನ್ಸ್ ಹಾಕಿಕೊಂಡು ಮಳೆಯಲ್ಲಿ ಕಾಳಿ ನದಿ ನೋಡಿ ಬಂದಿದ್ದ. ದಿನಗಳಾದರೂ ಒಣಗದ ಆ ಪ್ಯಾಂಟನ್ನು ಹಗ್ಗದ ಮೇಲೇ ತಿರುವಿ ಹಾಕಿದ್ದೇ ತಡ, ಹಗ್ಗ ಎಮ್ಮೆ ಕೂತಂತೆ ಜಗ್ಗಿತು. ಪಕ್ಕದಲ್ಲಿದ್ದ ವೈನಿಯ ಸೀರೆ ಜಾರಿ ಕೆಸರಿಗೆ ಬಿತ್ತು.

“ನನ್ನ ಸೀರಿ ನಿನ್ನೆ ಸಂಜಿಗೆ ಹಾಕಿದ್ದು, ಮುಂಜಾನೆ ಅನ್ನೂದ್ರಾಗ ಒಣಗಿತ್ತು. ನಿಮ್ಮ ಪ್ಯಾಂಟು ಗುರುವಾರದಿಂದ ಜೋತಾಡಾಕತ್ತದ. ಏನ್ ಅರಿವೀರಿ ಅದು!”

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಬಾಯಿ, ಸುಮ್ಮನಿರುತ್ತದೆಯೇ? “ಅದು ಹತ್ತಿ ವೈನಿ. ಹತ್ತಿಗೆ ನೀರಂದ್ರ ಪ್ರಾಣ” ಎಂದು ಶುರು ಮಾಡಿದೆ. ಹತ್ತಿಯ ಎಳೆ ಒಳಗೆ ಟೊಳ್ಳು, ಮೈಯೆಲ್ಲ ಸೆಲ್ಯುಲೋಸ್. ಮಳೆಯೇ ಬೇಕಿಲ್ಲ, ಸುಮ್ಮನೆ ಗಾಳಿಗಿಟ್ಟರೂ ನೂರು ಗ್ರಾಂ ಒಣ ಹತ್ತಿ ಏಳೆಂಟು ಗ್ರಾಂ ನೀರು ಕುಡಿದು ಕೂರುತ್ತದೆ. ಪಾಲಿಸ್ಟರ್ ಅಷ್ಟೇ ಗಾಳಿಯಲ್ಲಿ ಅರ್ಧ ಗ್ರಾಮನ್ನೂ ಮುಟ್ಟುವುದಿಲ್ಲ. ಅದರ ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ, ಎಳೆಗಳ ನಡುವೆ ನಿಂತಿರುತ್ತದೆಯೇ ಹೊರತು ಎಳೆಯ ಒಳಕ್ಕೆ ಹೋಗುವುದಿಲ್ಲ. ಅದಕ್ಕೇ ಬೇಗ ಒಣಗುತ್ತದೆ.

“ಮತ್ತ ಅದೇ ಚಲೋ ಆತಲ್ರಿ.”

“ಬ್ಯಾಸಗ್ಯಾಗ ಉಟ್ಕೊಂಡು ಹಳಿಯಾಳ ಬಸ್ಸಿನ್ಯಾಗ ನಿಂತು ನೋಡ್ರಿ” ಎಂದೆ. ಮಳೆಯ ನೀರನ್ನು ಒಳಗೆ ಬಿಡದ ಎಳೆ ಬೆವರನ್ನೂ ಬಿಡುವುದಿಲ್ಲ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಎಂಬಿಬ್ಬರು 1941ರಲ್ಲಿ ಈ ಪಾಲಿಸ್ಟರ್ ಎಳೆ ತೆಗೆದರು. ಅದಕ್ಕೆ ಟೆರಿಲಿನ್ ಎಂದು ಹೆಸರಾಯಿತು. ನಮ್ಮ ಕಡೆ ಅದು ಬಂದಾಗ ಟೆರಿಲಿನ್ ಶರ್ಟಿನ ಅಳಿಯನೆಂದರೆ ಬೀಗರಿಗೆ ಒಂದು ಹಿಡಿ ಹೆಚ್ಚು ಮರ್ಯಾದೆ. ನಾನೂ ನನ್ನ ಲಗ್ನಕ್ಕೆ ಒಂದು ಹೊಲಿಸಿಕೊಂಡೆ. ಮೇ ತಿಂಗಳ ಲಗ್ನ, ಹಂದರದ ಕೆಳಗೆ ಹೋಮದ ಹೊಗೆ. ಅಕ್ಷತೆ ಬೀಳುವ ಹೊತ್ತಿಗೆ ನಾನು ಇಡ್ಲಿ ಪಾತ್ರೆಯೊಳಗಿನ ಇಡ್ಲಿಯಾಗಿದ್ದೆ.

ವೈನಿ ನಕ್ಕರು. ಆದರೆ ಸೋಲುವ ಪೈಕಿಯಲ್ಲ. “ಹಂಗಾರ ಮಳ್ಯಾಗ ಎಮ್ಮಿ ಹಿಂದ ಹೋಗೋ ಗೌಳ್ಯಾರು ಕಂಬಳಿ ಯಾಕ ಹೊದ್ಕೋತಾರ? ಉಣ್ಣಿನೂ ನೀರು ಕುಡೀತದಲ್ರಿ?”

ಒಳ್ಳೆಯ ಪ್ರಶ್ನೆ. ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನ ಗೌಳಿವಾಡೆಗಳಲ್ಲಿ ಕಂಬಳಿಯ ಕೊಪ್ಪೆ ಹೊಸ ಮಾತಲ್ಲ. ನೀರು ಕುಡಿಯುವುದರಲ್ಲಿ ಉಣ್ಣೆ ಹತ್ತಿಗಿಂತ ಒಂದು ಕೈ ಮೇಲು. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮೇಲ್ಮೈಗೆ ಮೀನಿನ ಹುರುಪೆಯಂಥ ಪದರ, ಅದರ ಮೇಲೆ ಕುರಿಯ ಮೈಜಿಡ್ಡು. ಹನಿ ಮೇಲೇ ಉರುಳಿ ಹೋಗುತ್ತದೆ. ಆವಿ ಮಾತ್ರ ಒಳಗೆ ಸೇರುತ್ತದೆ, ಸೇರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ರಾಣೆಬೆನ್ನೂರು ಕಡೆಯ ಮೆಡ್ಲೇರಿಯಂಥ ಊರುಗಳಲ್ಲಿ ಕಂಬಳಿ ನೇಯುವವರು ಹುಣಸೆ ಬೀಜದ ಸರಿ ಹಚ್ಚಿ ಅದನ್ನು ಬಿರುಸು ಮಾಡುತ್ತಾರೆ. ತಲೆಯ ಮೇಲೆ ಕೊಪ್ಪೆ ಮಾಡಿದರೆ ಗುಡಿಸಲಿನ ಸೂರಿನಂತೆ ನಿಲ್ಲುವುದು ಹಾಗಾಗಿ. ಮುಂಡಗೋಡದ ಟಿಬೆಟಿಯನ್ನರು 1966ರಲ್ಲಿ ಇಲ್ಲಿ ಬಂದು ನೆಲೆಸಿದಾಗ ಜೊತೆಗೆ ತಂದದ್ದೂ ಉಣ್ಣೆಯ ವಿದ್ಯೆಯನ್ನೇ. ಅವರ ಗಂಟುಗಂಟಿನ ನೆಲಹಾಸು ನೋಡಬೇಕು. ಚಳಿಗಾಲದಲ್ಲಿ ಊರೂರ ರಸ್ತೆಬದಿಯಲ್ಲಿ ರಾಶಿ ಬೀಳುವ ಸ್ವೆಟರುಗಳ ಮಾತು ಬೇರೆ. ಅವುಗಳಲ್ಲಿ ಬಹುಪಾಲು ಅಕ್ರಿಲಿಕ್, ಉಣ್ಣೆಯ ವೇಷ ಹಾಕಿದ ಪೆಟ್ರೋಲಿಯಂ ಕೂಸು.

“ಖರೇದ್ದು ಯಾವುದು, ಸೋಗಿಂದು ಯಾವುದು, ಹೆಂಗ ಗೊತ್ತಾಗಬೇಕ್ರಿ?”

“ಒಂದು ದಾರ ತರ್ರಿ, ಕಡ್ಡಿಪೆಟಗಿ ನಂದು.”

ವೈನಿ ಒಳಗೆ ಹೋಗಿ ಮೊದಲು ಕೆಸರಿಗೆ ಬಿದ್ದಿದ್ದ ಸೀರೆಯ ಒಂದು ಎಳೆ ತಂದರು. ಕಡ್ಡಿ ಗೀರಿ ಹಿಡಿದೆ. ಎಳೆ ಬೆಂಕಿಗೆ ಹೆದರಿದ ಹುಳದಂತೆ ಮುದುಡಿ, ಕರಗಿ, ತುದಿಯಲ್ಲಿ ಕರೀಮಣಿಯಂಥ ಗಟ್ಟಿ ಗುಂಡು ಉಳಿಯಿತು. ಪಾಲಿಸ್ಟರ್, ಸಂಶಯವೇ ಇಲ್ಲ. ಆಮೇಲೆ ಪೆಟ್ಟಿಗೆಯ ತಳದಿಂದ ಇಳಕಲ್ಲ ಸೀರೆ ಬಂತು. ಹತ್ತಿಯ ಒಡಲು, ಕೆಂಪು ಸೆರಗು. ಮಗಳ ಲಗ್ನಕ್ಕೆ ತಂದದ್ದು, ‘ಸೆರಗು ಅಪ್ಪಟ ರೇಷ್ಮಿ’ ಎಂದು ಅಂಗಡಿಯಾತ ಆಣೆ ಇಟ್ಟು ಹೇಳಿದ್ದನಂತೆ. ಗೊಂಡೆಯ ತುದಿಯಿಂದ ಒಂದೆಳೆ ಕಿತ್ತು ಕೊಡುವಾಗ ಅವರ ಕೈ ಸ್ವಲ್ಪ ನಡುಗಿತು.

ರೇಷ್ಮೆಯೂ ಉಣ್ಣೆಯೂ ಪ್ರಾಣಿಯ ಪ್ರೋಟೀನು. ಸುಟ್ಟರೆ ಕೂದಲು ಸುಟ್ಟ ನಾತ ಬರಬೇಕು. ಇಬ್ಬರೂ ಮೂಗು ಮುಂದೆ ಮಾಡಿದೆವು. ಎಳೆ ಭಗ್ಗನೆ ಉರಿಯಿತು, ಬೂದಿ ಗಾಳಿಗೆ ಹಾರಿತು, ಬಂದದ್ದು ಕಾಗದ ಸುಟ್ಟ ವಾಸನೆ.

“ಅಂದ್ರ?”

“ಅಂದ್ರ ನಿಮ್ಮ ಸೆರಗು ನಮ್ಮೂರ ಮಿಲ್ಲಿನ ಬಳಗ, ವೈನಿ.”

ತಮಾಷೆಗೆ ಹೇಳಿದ್ದಲ್ಲ. ದಾಂಡೇಲಿಯ ಪೇಪರ್ ಮಿಲ್ಲು 1955ರ ಕಾಲದ್ದು. ಕಾಡಿನ ಬಿದಿರು ಬೆಂದು ತಿರುಳಾಗಿ ಕಾಗದವಾಗುವುದನ್ನು ನೋಡುತ್ತಲೇ ಈ ಊರು ಬೆಳೆಯಿತು. ಮರದ ಆ ತಿರುಳೂ ಹತ್ತಿಯೂ ಮೂಲದಲ್ಲಿ ಒಂದೇ, ಸೆಲ್ಯುಲೋಸ್. ತಿರುಳನ್ನು ಇನ್ನಷ್ಟು ಶುದ್ಧ ಮಾಡಿ, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡಿನಲ್ಲಿ ಜೇನಿನಂಥ ಅಂಟು ದ್ರವ ಮಾಡಿ, ಶ್ಯಾವಿಗೆ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ ಸಣ್ಣ ತೂತುಗಳಿಂದ ಆಮ್ಲದೊಳಕ್ಕೆ ಒತ್ತಿದರೆ ಹೊಳೆಹೊಳೆಯುವ ಎಳೆ ಬರುತ್ತದೆ. ಅದೇ ರೇಯಾನ್. ಇಂಗ್ಲೆಂಡಿನಲ್ಲಿ 1892ರಲ್ಲಿ ಈ ಉಪಾಯ ಕಂಡುಕೊಂಡರು. ನಮ್ಮ ಹರಿಹರದ ಬಳಿ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೀಲಗಿರಿ ಮರದಿಂದ ತಿರುಳು ತೆಗೆದದ್ದೂ ಈ ಎಳೆಗಾಗಿಯೇ. ಹೊಳಪು ರೇಷ್ಮೆಯದು, ಜಾತಕ ಮರದ್ದು. ಕಾರ್ಖಾನೆಯಲ್ಲಿ ಹುಟ್ಟಿದರೂ ನೈಲಾನ್, ಪಾಲಿಸ್ಟರಿನಂತೆ ಎಣ್ಣೆಯ ಕೂಸಲ್ಲ.

ವೈನಿಯ ಮುಖ ಬಾಡಿತು. ಕಡ್ಡಿ ಗೀರಿದ್ದಕ್ಕೆ ನನಗೂ ಕೆಡುಕೆನಿಸಿತು. ಸಮಾಧಾನಕ್ಕೆಂದು ಒಂದು ಉಪಯೋಗದ ಮಾತು ಹೇಳಿದೆ: ಹತ್ತಿ ತೊಯ್ದರೆ ಇನ್ನೂ ಗಟ್ಟಿ; ಕಲ್ಲಿಗೆ ಎತ್ತಿ ಬಡಿದರೂ ತಡೆಯುತ್ತದೆ. ರೇಯಾನ್ ತೊಯ್ದರೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಸೆರಗನ್ನು ಮಾತ್ರ ಕಲ್ಲಿಗೆ ತೋರಿಸಬಾರದು.

“ಒಡಲಿಗೆ ಬಡಿ, ಸೆರಗಿಗೆ ಬಡೀಬ್ಯಾಡ ಅಂದ್ರ ಹೆಂಗ ಒಗೀಲ್ರಿ ಮಾಸ್ತರ್ರ?” ಈ ಪ್ರಶ್ನೆಗೆ ನನ್ನ ವಿಜ್ಞಾನದಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಮೊಮ್ಮಗ ಹೊರಗೆ ಬಂದು, ಆಗಸ್ಟ್ ಹದಿನೈದಕ್ಕೆ ಬಾವುಟ ತರಬೇಕು, ಯಾವ ಬಟ್ಟೆಯದು ಎಂದ. ಇದೂ ಇಲ್ಲಿಯ ಮಾತೇ. ನಿಯಮದ ಪ್ರಕಾರದ ಖಾದಿ ಧ್ವಜ ತಯಾರಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರದು. ಕೈಯಿಂದ ನೂತು ಕೈಯಿಂದ ನೇಯ್ದದ್ದೇ ಬಾವುಟ ಎಂಬುದು ನಾನು ಮಕ್ಕಳಿಗೆ ಹೇಳಿಕೊಟ್ಟ ಪಾಠ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಪಾಲಿಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ನಮ್ಮೂರ ಆಗಸ್ಟ್ ಮಳೆಯಲ್ಲಿ ಖಾದಿ ಬಾವುಟ ತೊಯ್ದು ಕಂಬಕ್ಕೆ ಅಂಟಿ ನಿಲ್ಲುವುದನ್ನು ನಾನೂ ಕಂಡಿದ್ದೇನೆ. ಆದರೂ ಮೊಮ್ಮಗನಿಗೆ “ಖಾದೀದs ತಾ” ಎಂದೆ. ಕಾರಣ ಕೇಳಿದ. ವೈನಿಯೇ ಹೇಳಿದರು: “ಎಲ್ಲಾರೂ ತೊಯ್ಕೊಂಡು ನಿಂತಾಗ ಅದೂ ತೊಯ್ಲಿ ಬಿಡೊ.”

ಆಮೇಲೆ ಅವರು ನಿಜವಾದ ಕೆಲಸಕ್ಕೆ ಬಂದರು. ಸಾಂಬ್ರಾಣಿ ಕಡೆಯ ಒಬ್ಬ ಸಿದ್ದಿ ಅಜ್ಜಿಯ ಹತ್ತಿರ ಕೌದಿ ಹೊಲಿಸುತ್ತಿದ್ದಾರೆ, ಹಳೇ ಬಟ್ಟೆ ಸಾಲದು. ಸಿದ್ದಿಯರ ಕೌದಿಯ ರೀತಿಯೇ ಬೇರೆ: ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತುಂಡಿನ ‘ಫುಲಾ’ ಇಡಬೇಕು. ಹೂವಿಲ್ಲದ ಕೌದಿ ಬತ್ತಲೆ ಅನ್ನುತ್ತಾರೆ.

ಟ್ರಂಕು ತೆಗೆದೆ. ಮೇಲೇ ಇತ್ತು ನನ್ನ ಲಗ್ನದ ಟೆರಿಲಿನ್ ಶರ್ಟು, ಇಸ್ತ್ರಿಯ ಗೆರೆ ಸಮೇತ. ಕೆಳಗೆ ಅಪ್ಪನ ಧೋತರ, ಒಗೆದೊಗೆದು ಬೆಣ್ಣೆಯಂತಾದದ್ದು, ಎರಡು ಕಡೆ ಹರಿದಿತ್ತು. ಎರಡನ್ನೂ ಬೇಲಿಯ ಮೇಲಿಟ್ಟೆ. ವೈನಿ ಹೆಬ್ಬೆರಳು ತೋರುಬೆರಳ ನಡುವೆ ಶರ್ಟನ್ನು ಒಮ್ಮೆ ತಿಕ್ಕಿ ನೋಡಿ ವಾಪಸ್ಸು ಮಾಡಿದರು. “ಇದು ಬ್ಯಾಡ್ರಿ. ಸೂಜಿ ಜಾರತದ, ರಾತ್ರಿ ಮೈಮ್ಯಾಲಿಂದ ಕೌದಿನೂ ಜಾರತದ. ಐವತ್ತು ವರ್ಷಾದ್ರೂ ಇದಕ್ಕ ನಿಮ್ಮ ಮೈಯ ರೂಢಿ ಆಗಿಲ್ಲ ನೋಡ್ರಿ.” ಧೋತರವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. “ಇದು ಮಾವಾರನ್ನ ಇನ್ನೂ ನೆನೀತದ.”

ನೆನೆಯುವುದು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಗಾಳಿ ತಿರುಗಿ ಇಳಿಜಾರಿನೊಳಕ್ಕೇ ಮಳೆ ನುಗ್ಗಿತು. ಅವರು ಅವರ ಬಟ್ಟೆ, ನಾನು ನಮ್ಮ ಬಟ್ಟೆ, ಅದಲು ಬದಲಾಗಿಯೂ ಒಂದಿಷ್ಟು, ಬಾಚಿಕೊಂಡು ಒಳಗೆ ಓಡಿದೆವು. ಜೀನ್ಸನ್ನು ಮಾತ್ರ ಹಗ್ಗದ ಮೇಲೇ ಬಿಟ್ಟೆ. ಅದು ಹೇಗೂ ತೊಯ್ದೇ ಇತ್ತು.