ಬಾನೆಟ್ ಬಿಚ್ಚಿಟ್ಟ ಭಾನುವಾರ

ಪಕ್ಕದ ಮನೆಯ ಹುಡುಗ ಹೋದ ಭಾನುವಾರ ಬೆಳಿಗ್ಗೆ ಕಾಂಟೆಸ್ಸಾದ ಬಾನೆಟ್ ಬಿಚ್ಚಿ ಕಾಂಪೌಂಡ್ ಗೋಡೆಗೆ ಒರಗಿಸಿದ. ನಮ್ಮ ಕಡೆ ದಾಸವಾಳದ ಗಿಡ, ಅವರ ಕಡೆ ಬಾನೆಟ್ಟು, ಮಧ್ಯೆ ಎದೆಮಟ್ಟದ ಗೋಡೆ. ಕಾಫಿ ಲೋಟ ಗೋಡೆಯ ಮೇಲಿಟ್ಟು ನಿಂತ ನಾನು ಊಟಕ್ಕೆ ಕರೆ ಬರುವವರೆಗೂ ಅಲ್ಲಿಂದ ಕದಲಲಿಲ್ಲ.

ಗಾಡಿ 1986ರದ್ದು, ಅವನ ಅಪ್ಪ ಕೊಂಡದ್ದು. ಎಂಜಿನ್ ಮೂರು ಸಲ ಬೋರ್ ಆಗಿದೆ, ಈಗ ಮತ್ತೆ ಹೊಗೆ. ಹುಡುಗನಿಗೆ ಐಟಿಪಿಎಲ್‌ನಲ್ಲಿ ಕೆಲಸ, ವಾರವೆಲ್ಲ ಕಂಪ್ಯೂಟರ್ ಮುಂದೆ. ಭಾನುವಾರ ಮಾತ್ರ ಅವನ ಉಗುರಿನ ಸಂದಿಯಲ್ಲಿ ಗ್ರೀಸು. ಅಪ್ಪ ಅಮ್ಮನನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಶೃಂಗೇರಿಗೆ ಹೋಗಿಬರಬೇಕು ಅನ್ನೋದು ಅವನ ಆಸೆ. ‘ಅಂಕಲ್, ಬೇರೆ ಕಂಪನಿ ಎಂಜಿನ್ ಕೂರಿಸಿದರೆ ತಪ್ಪಾ?’ ಅಂದ. ಒಳಗೆ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಅವನಪ್ಪನ ಕಿವಿ ಇತ್ತಲೇ ಇತ್ತು. ಗಾಡಿಯ ಸದ್ದು ಹೋದರೆ ಗಾಡಿಯೇ ಹೋದ ಹಾಗೆ ಅಂತ ಹಿಂದಿನ ದಿನವೇ ಅವರು ಹೇಳಿಬಿಟ್ಟಿದ್ದರಂತೆ.

ಮೂವತ್ತು ವರ್ಷ ಪೀಣ್ಯದಲ್ಲಿ ಲೇತ್ ಮುಂದೆ ನಿಂತವನು ನಾನು. ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳೋಕೆ ನನ್ನಿಂದ ಆಗೋದಿಲ್ಲ.

ಮೊದಲು ಆ ಕಾಂಟೆಸ್ಸಾವನ್ನೇ ನೋಡಿ. ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಎಕ್ಸ್‌ನದು. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಇಲ್ಲಿ ಬಿಟ್ಟಾಗ ಒಳಗಿಟ್ಟದ್ದು ಅಂಬಾಸಡರಿನ 1489 ಸಿಸಿ ಎಂಜಿನ್ನು, ಅಂದರೆ ಬಿಎಂಸಿ ಮನೆತನದ್ದು. ಸುಮಾರು 50 ಕುದುರೆಶಕ್ತಿ. ಅಷ್ಟು ಉದ್ದಗಲದ ಗಾಡಿಯನ್ನು ಅದು ಎಳೆಯೋದು ಅಂದರೆ ಒಂದೇ ಎತ್ತಿಗೆ ಜೋಡಿ ನೊಗ ಕಟ್ಟಿದ ಹಾಗೆ. ಆಮೇಲೆ ಕಂಪನಿಯವರೇ ಜಪಾನಿನ ಇಸುಜುವಿನ 1817 ಸಿಸಿ ಎಂಜಿನ್ ಹಾಕಿದರು. ಶಕ್ತಿ 85ರ ಮೇಲೆ ಹೋಯಿತು, ಗೇರು ಐದಾಯಿತು, ಹೆಸರಿನ ಜೊತೆಗೆ ಕ್ಲಾಸಿಕ್ ಅಂತ ಸೇರಿತು. ತೊಂಬತ್ತರ ದಶಕದಲ್ಲಿ ಅದೇ ಇಸುಜು ಅಂಬಾಸಡರಿಗೂ ಬಂತು. ಹುಡುಗನ ಅಪ್ಪ ‘ಒರಿಜಿನಲ್’ ಅಂತ ಎದೆಗವಚಿಕೊಂಡಿರೋ ಗಾಡಿ ಹುಟ್ಟುವಾಗಲೇ ಒಬ್ಬರ ಮೈ, ಇನ್ನೊಬ್ಬರ ಎಂಜಿನ್ನು.

ಆ ಕಾಲದ ನಮ್ಮ ಗಾಡಿಗಳಲ್ಲಿ ಇದು ಹೊಸತೂ ಅಲ್ಲ. ಪ್ರೀಮಿಯರ್ 118ಎನ್‌ಇ ನೆನಪಿದೆಯಾ? ಮೈ ಫಿಯಟ್ 124ರದು, ಎಂಜಿನ್ ನಿಸ್ಸಾನಿನ 1171 ಸಿಸಿ. ‘ಎನ್‌ಇ’ ಅಂದರೆ ನಿಸ್ಸಾನ್ ಎಂಜಿನ್ ಅಂತಲೇ. ಪರರ ಎಂಜಿನ್ ಅನ್ನೋದನ್ನು ಮುಚ್ಚಿಡದೆ ಹೆಸರಿನಲ್ಲೇ ಬರೆದುಕೊಂಡ ಆ ಕಾರಿನ ಮೇಲೆ ನನಗೆ ಮೊದಲಿಂದಲೂ ಒಂದು ಗೌರವ. ಮಹೀಂದ್ರದವರು ಅಮೆರಿಕದ ವಿಲ್ಲಿಸ್ ಜೀಪಿನ ಮೈಗೆ ಫ್ರಾನ್ಸಿನ ಪೂಜೋ ಡೀಸೆಲ್ ಕೂರಿಸಿದರು. 1979ರಲ್ಲಿ ಆದ ಒಪ್ಪಂದ ಅದು. ಉಲ್ಟಾ ಹೋದದ್ದೂ ಇದೆ. 1985ರಲ್ಲಿ ಮದ್ರಾಸಿನಿಂದ ಸ್ಟ್ಯಾಂಡರ್ಡ್ 2000 ಬಂತು. ರೋವರಿನ ಅಷ್ಟು ಚೆಂದದ ಮೈಗೆ ಹಳೇ ವ್ಯಾನ್‌ಗಾರ್ಡ್ ವಂಶದ ಎಂಜಿನ್ ಕೊಟ್ಟರು. ಮೂರ್ನಾಲ್ಕು ವರ್ಷದಲ್ಲಿ ಅದರ ಕತೆ ಮುಗಿಯಿತು. ಆ ಮೈಯ ತೂಕಕ್ಕೆ, ಆ ಬೆಲೆಗೆ ಆ ಎಂಜಿನ್ ಹೊಂದಲಿಲ್ಲ.

ಹೊಂದೋದು ಅನ್ನೋ ಮಾತು ನನಗೆ ಅರ್ಥವಾದದ್ದು 1994ರಲ್ಲಿ. ಸಕಲೇಶಪುರದ ಕಡೆಯ ಒಬ್ಬ ತೋಟದವರು ಪೆಟ್ರೋಲ್ ಜೀಪು ತಂದರು. ಜೊತೆಗೆ ಗುಜರಿಯಲ್ಲಿ ಕೊಂಡ ಜಪಾನಿ ಡೀಸೆಲ್ ಎಂಜಿನ್ನು. ಗೇರ್‌ಬಾಕ್ಸ್ ಜೀಪಿನದೇ ಇರಲಿ, ಎಂಜಿನ್ ಮಾತ್ರ ಬದಲಾಗಲಿ ಅಂದರು. ಎರಡರ ಬೋಲ್ಟಿನ ಜಾಗ ಎಲ್ಲಿಂದ ಸರಿಹೋಗಬೇಕು? ನಡುವೆ ಒಂದು ಕಬ್ಬಿಣದ ಪ್ಲೇಟ್ ಬೇಕು: ಒಂದು ಮುಖಕ್ಕೆ ಎಂಜಿನ್ನಿನ ತೂತುಗಳು, ಇನ್ನೊಂದು ಮುಖಕ್ಕೆ ಗೇರ್‌ಬಾಕ್ಸಿನ ತೂತುಗಳು. ನೋಡೋಕೆ ದೊಡ್ಡ ಚಕ್ಕುಲಿಯ ಹಾಗೆ. ನಾನೇ ಮಾಡಿದೆ. ಬೋಲ್ಟು ಸಲೀಸಾಗಿ ಹೋಗಲಿ ಅಂತ ತೂತಿಗೆ ಅರ್ಧ ಮಿಲಿಮೀಟರ್ ಸಡಿಲ ಬಿಟ್ಟೆ, ಬಿಗಿದರೆ ನಿಲ್ಲುತ್ತೆ ಅಂದುಕೊಂಡೆ. ನಾಲ್ಕು ತಿಂಗಳಿಗೆ ಜೀಪು ವಾಪಸ್ಸು ಬಂತು. ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಗೂಬೆ ಕೂಗಿದ ಹಾಗೆ ಕೂಗುತ್ತಿತ್ತು, ಕ್ಲಚ್ ತುಳಿದರೂ ಗೇರು ಬಿಡುತ್ತಿರಲಿಲ್ಲ.

ಕ್ರ್ಯಾಂಕ್‌ಶಾಫ್ಟಿನ ನಡುಗೆರೆಯೂ ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆಯೂ ಒಂದೇ ಗೆರೆಯಾಗಬೇಕು. ಡಯಲ್ ಗೇಜಿನ ಮುಳ್ಳು ಪೂರಾ ಒಂದು ಸುತ್ತಿನಲ್ಲಿ ಸುಮಾರು 125 ಮೈಕ್ರಾನ್ ಒಳಗೆ ಆಡಬೇಕು, ಅಂದರೆ ಒಂದೆರಡು ತಲೆಗೂದಲಿನ ದಪ್ಪ. ಅದನ್ನು ಬೋಲ್ಟು ಹಿಡಿಯೋದಿಲ್ಲ, ಡೋವೆಲ್ ಪಿನ್ನು ಹಿಡಿಯುತ್ತೆ. ಬೋಲ್ಟಿನ ಕೆಲಸ ಅದುಮೋದು ಮಾತ್ರ. ಎರಡನೇ ಪ್ಲೇಟನ್ನು 16 ಮಿಲಿಮೀಟರ್ ದಪ್ಪದಲ್ಲಿ ತೆಗೆದೆ, ಎರಡೂ ಮುಖ ಗ್ರೈಂಡ್ ಮಾಡಿಸಿದೆ, ಎರಡು ಡೋವೆಲ್ ಕೂರಿಸಿದೆ. ಆ ಜೀಪು ಮತ್ತೆ ಕೂಗಲಿಲ್ಲ. ಆಮೇಲೆ ಎಷ್ಟೋ ವರ್ಷ ಡಿಸೆಂಬರಿನಲ್ಲಿ ಅವರ ತೋಟದಿಂದ ಕಾಫಿಪುಡಿ ಬರುತ್ತಿತ್ತು. ಮೊನ್ನೆ ಗೋಡೆ ಮೇಲಿಟ್ಟದ್ದು ಆ ಪುಡಿಯ ಕಾಫಿ ಅಲ್ಲ, ಆದರೂ ಹುಡುಗನಿಗೆ ಈ ಕತೆ ಹೇಳುವಾಗ ಅದರ ಘಮವೇ ಮೂಗಿಗೆ ಬಂತು.

ಬೇರೆ ಎಂಜಿನ್ ಅಂದರೆ ಎಲ್ಲರ ಬಾಯಲ್ಲೂ ಶಕ್ತಿಯ ಲೆಕ್ಕ. ಕೇಳಬೇಕಾದ್ದು ಬೇರೆ ಇದೆ. ತೂಕ ಎಷ್ಟು? ಡೀಸೆಲ್ ಕೂರಿಸಿದರೆ ಮುಂದಿನ ಸ್ಪ್ರಿಂಗು ತಗ್ಗುತ್ತೆ. ಆಯಿಲ್ ಸಂಪು ಕ್ರಾಸ್‌ಮೆಂಬರಿಗೆ ತಾಗುತ್ತಾ? ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿದರೆ ಮತ್ತೆ ಬ್ಯಾಲೆನ್ಸ್ ಮಾಡಿಸಿದ್ದೀರಾ? ಮಾಡಿಸದಿದ್ದರೆ ಎಂಬತ್ತರ ವೇಗದಲ್ಲಿ ಸೀಟು ನಡುಗುತ್ತೆ. ಓಡಿಸೋಕೆ ಮುಂಚೆ ನಿಲ್ಲಿಸೋ ಯೋಚನೆ ಬೇಕು. ಐವತ್ತು ಕುದುರೆಗೆ ಅಂತ ಮಾಡಿದ ಬ್ರೇಕು ನೂರೈವತ್ತನ್ನು ತಡೆಯೋದಿಲ್ಲ. ಕಾಂಟೆಸ್ಸಾಗೆ ಟೊಯೋಟಾದ ಆರು ಸಿಲಿಂಡರ್ ಎಂಜಿನ್ ಕೂರಿಸುವವರೂ ಇದ್ದಾರೆ. ಅವರ ಕೈಚಳಕಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಶೃಂಗೇರಿಗೆ ಹೋಗೋ ಗಾಡಿಗೆ ಅದು ಬೇಡ.

ಇಸುಜು ಹುಡುಕು ಅಂದೆ, ಅದರದೇ ಐದು ಗೇರಿನ ಬಾಕ್ಸ್ ಸಮೇತ. ಕಂಪನಿಯೇ ಆ ಮೈಗೆ ಅದನ್ನು ಕೂರಿಸಿದೆ, ಜಾಗ ಇದೆ, ಪ್ಲೇಟಿನ ರಗಳೆ ಇಲ್ಲ. ಎಂಜಿನ್ ಇಳಿಸೋಕೆ ಮುಂಚೆ ಆರ್‌ಟಿಓದಲ್ಲಿ ಕೇಳು, ಬರಹದಲ್ಲಿ ಒಪ್ಪಿಗೆ ತಗೋ ಅಂತಲೂ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ ಕೆಳಗೆ ಇನ್ನೊಂದು ಇದ್ದರೆ ಅಪಘಾತದ ದಿನ ವಿಮೆಯವರ ಮುಂದೆ ಏನು ಹೇಳೋದು?

ಇನ್ನೊಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳಿದೆ: ಮೈಗೆ ಗ್ಯಾಸ್ ಕಟರ್ ತಾಗಬಾರದು. ಎಲ್ಲ ಬೋಲ್ಟಿನಲ್ಲಿ ನಿಲ್ಲಬೇಕು, ಬೋಲ್ಟಿನಲ್ಲೇ ಬಿಚ್ಚಬೇಕು. ಹಳೇ ಎಂಜಿನ್ನು ಗುಜರಿಗೆ ಹೋಗಬಾರದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ಬೇರೆ ನಿಯಮ ತಂದಿದೆ. ಐವತ್ತು ವರ್ಷ ತುಂಬಿರಬೇಕು, ಮೈಯಾಗಲಿ ಷಾಸಿಯಾಗಲಿ ಎಂಜಿನ್ನಾಗಲಿ ಮೂಲರೂಪದಲ್ಲಿರಬೇಕು, ಅಂಥವಕ್ಕೆ ‘ವಿಎ’ ಅಕ್ಷರದ ನಂಬರ್ ಪ್ಲೇಟು. ಈ ಗಾಡಿಗೆ ಐವತ್ತು ತುಂಬೋದು 2036ಕ್ಕೆ. ಆಗ ಹಳೇ 1489ಕ್ಕೆ ಸ್ಲೀವ್ ಹಾಕಿಸಿ ವಾಪಸ್ಸು ಕೂರಿಸಬಹುದು.

ಜಗಲಿಯಲ್ಲಿ ಪೇಪರ್ ಮಡಿಸಿದ ಸದ್ದಾಯಿತು.

ಇಸುಜು ಸಿಕ್ಕಿದೆ. ಮೌಂಟಿಂಗ್ ಬ್ರಾಕೆಟ್ ಒಂದು ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಇನ್ನೊಂದನ್ನು ಮಾಡಿಸಬೇಕಿತ್ತು. ಶನಿವಾರ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು ನಾವಿಬ್ಬರೂ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿದೆವು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ ಪೀಣ್ಯದಲ್ಲಿ ಇಳಿದೆವು. ನನ್ನ ಹಳೇ ಶಿಷ್ಯನೊಬ್ಬನ ಶೆಡ್ಡಿದೆ ಅಲ್ಲಿ. ಕಟಿಂಗ್ ಆಯಿಲ್ ಸುಟ್ಟ ವಾಸನೆ ಬೀದಿಯ ಮೂಲೆಯಲ್ಲೇ ಎದುರುಗೊಂಡಿತು. ರಟ್ಟು ನೋಡಿದ ಅವನು ಅಳತೆ ಕೇಳಲಿಲ್ಲ, ‘ಡೋವೆಲ್ ಬೇಕಾ ಸಾರ್’ ಅಂತ ಮಾತ್ರ ಕೇಳಿದ.

ಹಳೇ ಎಂಜಿನ್ನು ಈಗ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಟ್ಯಾಂಡಿನ ಮೇಲಿದೆ. ಸಿಲಿಂಡರ್ ಒಳಗೆ ಎಣ್ಣೆ ಬಿಟ್ಟು, ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿ, ಮೇಲೆ ಗೋಣಿ ಹೊದಿಸಿದ್ದಾರೆ. ಹಾಗೇ ಬಿಟ್ಟರೆ ರಿಂಗು ಹಿಡಿದುಕೊಳ್ಳುತ್ತೆ, ವಾರಕ್ಕೊಂದು ಸಲ ತಿರುಗಿಸಿ ಅಂದಿದ್ದೆ. ಈ ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ಗೋಡೆಯಾಚೆ ರ‍್ಯಾಚೆಟ್ ಸದ್ದು ಕೇಳಿತು, ಕಟಕಟ ಅಂತ. ಹುಡುಗ ಇನ್ನೂ ಎದ್ದಿರಲಿಲ್ಲ. ಅವನಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಸ್ಪ್ಯಾನರ್ ಹಿಡಿದು, ಕಾಲು ಸುತ್ತು ತಿರುಗಿಸಿ, ಕಿವಿ ಕೊಟ್ಟು ಆಲಿಸಿ, ಮತ್ತೆ ಕಾಲು ಸುತ್ತು ತಿರುಗಿಸುತ್ತಿದ್ದರು.