ಟೆಂಡರ್ ಮೀಮಾಂಸೆ: ಲಾರಿ ಲೋಕದ ಅದ್ವೈತ ವಿಚಾರ

ಸರಕು ಸಾಗಣೆಯಲ್ಲಿ ದೊಡ್ಡ ಕಂಪನಿ, ಸಣ್ಣ ಮಾಲೀಕ ಎಂಬ ಎರಡು ತತ್ತ್ವಗಳಿವೆ, ಗುತ್ತಿಗೆಗಾಗಿ ಅವು ಸದಾ ಸೆಣಸುತ್ತವೆ ಎಂಬುದು ದ್ವೈತಿಗಳ ವಾದ. ಪಣಂಬೂರು ಬಂದರಿನ ಗೇಟಿನ ಹೊರಗೆ ಈ ವಾದ ನಿಲ್ಲದು. ಟೆಂಡರ್ ಗೆದ್ದ ಕಂಪನಿಯ ಗೊಬ್ಬರ ಹೇರಿಕೊಂಡು ಹೊರಟ ಹತ್ತು ಚಕ್ರದ ಗಾಡಿಯ ಹಣೆಯಲ್ಲಿ ಇರುವುದು 'ಶ್ರೀ ಮಂಜುನಾಥ ಪ್ರಸನ್ನ'. ಕಂಪನಿಯ ಹೆಸರು ಬಿಲ್ಟಿಯಲ್ಲಿ ಮಾತ್ರ.

ಪೂರ್ವಪಕ್ಷ: ಸಣ್ಣವರಿಗೆ ಕಾನೂನಿನ ಆಸರೆ ಇದೆಯಲ್ಲ? ಇದೆ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಂತೆ ಅವರಿಗೆ ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಮಾಫಿ. ಎಲ್-ಒನ್‌ಗಿಂತ (ಅತಿ ಕಡಿಮೆ ಬಿಡ್ಡಿಗಿಂತ) ಶೇ. 15ರೊಳಗೆ ಹೆಚ್ಚು ಕೋಟ್ ಮಾಡಿದ್ದರೂ, ಎಲ್-ಒನ್ ದರಕ್ಕೇ ಇಳಿದರೆ ಒಂದು ಪಾಲು ಕೆಲಸ ಸಿಗಬಹುದು. ಆದರೆ ಟೆಂಡರಿನ ಮುಂದಿನ ಪುಟ ತಿರುವಿ: ಇಂಥದೇ ಕೆಲಸದ ಅನುಭವ ಬೇಕು, ಕೋಟಿಗಟ್ಟಲೆ ವಹಿವಾಟು ಬೇಕು. ಅನುಭವವಿಲ್ಲದೆ ಗುತ್ತಿಗೆಯಿಲ್ಲ, ಗುತ್ತಿಗೆಯಿಲ್ಲದೆ ಅನುಭವವಿಲ್ಲ. ತರ್ಕಶಾಸ್ತ್ರ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತದೆ. ಟೆಂಡರ್ ಶಾಸ್ತ್ರ, ಅರ್ಹತಾ ನಿಯಮ ಎನ್ನುತ್ತದೆ.

ಒಂದೇ ಲಾರಿಯಿಂದ ಮೇಲೆ ಬಂದವರಿಲ್ಲವೇ? ಇದ್ದಾರೆ. 1976ರಲ್ಲಿ ಗದಗಿನಲ್ಲಿ ಹಾಗೆ ಶುರು ಮಾಡಿದ ವಿಜಯ ಸಂಕೇಶ್ವರರ ಹೆಸರನ್ನು ಸಾಲದ ಕಂತು ಕಟ್ಟುವ ದಿನ ಲಾರಿ ಮಾಲೀಕರೆಲ್ಲ ನೆನೆಯುತ್ತಾರೆ. ಅವರು ಬೆಳೆದದ್ದು ಊರೂರಿಗೆ ಬಿಡಿ ಪಾರ್ಸೆಲ್ ಒಯ್ದು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಇನ್ನು ಎಲ್-ಒನ್ ರಹಸ್ಯ. ಕಡಿಮೆ ಕೂಗಿದವನು ಗೆಲ್ಲುವ ರಿವರ್ಸ್ ಆಕ್ಷನ್ ಎಂಬುದು ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಕೂಗುವುದರ ತಲೆಕೆಳಗು ರೂಪ. ಅಲ್ಲಿ ಕೂಗಿದವನೇ ದುಡ್ಡು ತೆರಬೇಕು. ಇಲ್ಲಿ ಕೂಗುವವನು ಒಬ್ಬ, ತೆರುವವನು ಮತ್ತೊಬ್ಬ. ಡೀಸೆಲಿಗೂ ಸಾಲದ ದರವನ್ನು ಕಂಪನಿ ಯಾವ ಧೈರ್ಯದಿಂದ ಕೂಗಿತು? ಉತ್ತರ ಬ್ರೋಕರ್ ಆಫೀಸಿನಲ್ಲಿದೆ. ಕಂಪನಿಯಿಂದ ಸಬ್ ಕಾಂಟ್ರಾಕ್ಟರ್, ಅಲ್ಲಿಂದ ಬ್ರೋಕರ್, ಹೀಗೆ ಕಮಿಷನ್ ಕಳೆಯುತ್ತ ಇಳಿದ ದರ, ಲೋಡು ಇಳಿಸಿ ನಿಂತ ಹಾಸನದ ಗಾಡಿಯೊಂದರ ಮುಂದೆ ಬಂದು ನಿಲ್ಲುತ್ತದೆ.

"ಹಾಸನಕ್ಕೆ ಲೋಡು ಉಂಟು. ರೇಟು ಮಾತ್ರ ಕೇಳ್ಬೇಡಿ ಮಾರಾಯ್ರೆ. ಖಾಲಿ ಹೋಗ್ಲಿಕ್ಕಿಂತ ಡೀಸೆಲ್ ಆದ್ರೂ ಹುಟ್ಟುತ್ತದಲ್ಲ?"

"ಅಡ್ವಾನ್ಸ್ ಎಷ್ಟು ಕೊಡ್ತೀರಣ್ಣ?"

ಎಲ್-ಒನ್‌ನ ಅಧಿಷ್ಠಾನ ಈ ಖಾಲಿ ಗಾಡಿಯೇ. 2018ರಲ್ಲಿ ಕೇಂದ್ರವು ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿದಾಗ, ಟನ್ ಲೆಕ್ಕದ ಬಾಡಿಗೆ ತಗ್ಗಿಸಲು ಬ್ರೋಕರಿಗೆ ಇನ್ನೊಂದು ಪ್ರಮಾಣ ದೊರೆಯಿತು.

ಟೆಂಡರಿನಲ್ಲಿ ಸೋತ ಮಾಲೀಕನೇ ಗೆದ್ದವನ ಸರಕು ಹೇರಿಕೊಂಡು, ತಾನು ಕೋಟ್ ಮಾಡಿದ್ದಕ್ಕಿಂತ ಕಡಿಮೆಗೆ ಶಿರಾಡಿ ಘಾಟಿ ಹತ್ತುವನಾದ್ದರಿಂದ, ಸೋತವನೂ ಗೆದ್ದವನೂ ಒಂದೇ ಎಂಬ ಅದ್ವೈತ ಸಿದ್ಧ. ಘಾಟಿಯ ಮಳೆಗೆ ಟಾರ್ಪಾಲು ಹರಿದು ಚೀಲ ನೆನೆದಾಗ ಮಾತ್ರ ದ್ವೈತ ಮರಳಿ ತಲೆಯೆತ್ತುತ್ತದೆ. ನೆನೆದ ಚೀಲ ಸಣ್ಣವನದು. ಶಾರ್ಟೇಜ್ ಕಡಿತ ಅಂದೇ. ಉಳಿದ ಬಾಡಿಗೆ, ಸೀಲು ಬಿದ್ದ ಬಿಲ್ಟಿ ಮಂಗಳೂರು ಸೇರಿ, ಬಿಲ್ ಪಾಸಾಗಿ, ಸಾಹೇಬರು ರಜೆಯಿಂದ ಬಂದ ಮೇಲೆ.