ಒಂದು ದೂಡು ಕೊಡಿ ಮಾರಾಯ್ರೆ

ಕಾರು ಕೆಡುವುದಕ್ಕೆ ಪ್ರಶಸ್ತವಾದ ಜಾಗ ಅಂತ ಯಾವುದೂ ಇಲ್ಲ. ಆದರೆ ಕೆಡಬಾರದ ಜಾಗಗಳಲ್ಲಿ ಮೇಲುಕೀಳು ಖಂಡಿತ ಉಂಟು, ಮತ್ತು ಆ ಪಂಕ್ತಿಯಲ್ಲಿ ಮೊದಲ ಎಲೆ ಬಿ.ಸಿ. ರೋಡಿಗೆ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿಗೆ ಹೋಗುವ ಹೆದ್ದಾರಿ 75, ಬೆಳ್ತಂಗಡಿ, ಚಾರ್ಮಾಡಿ ಹತ್ತಿ ತುಮಕೂರಿನ ಕಡೆ ಹೋಗುವ ಹೆದ್ದಾರಿ 73 ಎಂದು ಮಂಗಳೂರಿನಿಂದ ಬಂದ ದಾರಿ ಇಲ್ಲಿ ಎರಡಾಗುತ್ತದೆ. ಅಣ್ಣತಮ್ಮಂದಿರು ಪಾಲಾಗುವ ದಿನ ಮನೆಯಲ್ಲಿ ಎಷ್ಟು ಗದ್ದಲವೋ ಇಲ್ಲೂ ಅಷ್ಟೇ, ದಿನಾ ಎಂಬುದೊಂದೇ ವ್ಯತ್ಯಾಸ.

ಇದರ ಮೇಲೆ ನಮ್ಮ ಖಾಸಗಿ ಬಸ್ಸುಗಳ ಟೈಮಿನ ಸಂಗತಿ. ಹಿಂದಿನ ಬಸ್ಸು ಮುಂದಿನದರ ಪ್ಯಾಸೆಂಜರುಗಳನ್ನು ಬಾಚಿಕೊಳ್ಳಬಾರದು ಅಂತ ಇಲ್ಲಿ ಪ್ರತಿ ನಿಮಿಷಕ್ಕೂ ಒಬ್ಬ ವಾರಸುದಾರ ಇದ್ದಾನೆ. ಅಂಥ ಒಂದು ಎಕ್ಸ್‌ಪ್ರೆಸ್ಸಿನ ಮೂಗಿನೆದುರು ನಿಮ್ಮ ಕಾರು ಉಸಿರು ಬಿಟ್ಟರೆ ನೀವು ನಿಂತದ್ದು ರಸ್ತೆಯಲ್ಲಲ್ಲ, ಅವರ ಕಲೆಕ್ಷನ್ನಿನ ಮೇಲೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಲೇ ನಿಮ್ಮ ಬಗ್ಗೆ ತುಳುವಿನಲ್ಲಿ ಏನನ್ನೋ ಹೇಳಿ, ಅದೇ ಉಸಿರಿಗೆ "ರೈಟ್ ಪೋಯಿ" ಅಂತ ಮುಗಿಸುತ್ತಾನೆ.

ನನ್ನ ಭಾವನ ಹಳೆಯ ಮಾರುತಿ 800 ನಿಂತದ್ದು ಅಲ್ಲೇ, ಸಾಯಂಕಾಲ ಶಾಲೆ ಬಿಡುವ ಹೊತ್ತಿಗೆ. ಭಾವ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಬಾನೆಟ್ ಎತ್ತಿದ. ಬಾನೆಟ್ ಎತ್ತುವುದು ನಮ್ಮ ಕಡೆ ರಿಪೇರಿಗಲ್ಲ, ಜನರನ್ನು ಕರೆಯುವುದಕ್ಕೆ. ಹಾರ್ನ್ ಹಾಕುತ್ತಿದ್ದವರಲ್ಲೇ ಕೆಲವರು ಇಳಿದು ಬಂದರು.

ಬಂದವರು ಮೊದಲು ಕೇಳಿದ್ದು ಕಾರಿಗೆ ಏನಾಯಿತು ಅಂತ ಅಲ್ಲ.

"ಮನೆ ಎಲ್ಲಿ ನಿಮ್ಮದು?"

"ಸಿದ್ಧಕಟ್ಟೆ ಹತ್ತಿರ."

"ಸಿದ್ಧಕಟ್ಟೆಯಲ್ಲಿ ಯಾರ ಪೈಕಿ?"

ಪೈಕಿ ಇತ್ಯರ್ಥವಾಗದೆ ಸ್ಪಾನರ್ ಕೈಗೆ ಬರುವುದಿಲ್ಲ. ಭಾವ ಅಜ್ಜನ ಹೆಸರು ಹೇಳಿದ. ಒಬ್ಬರಿಗೆ ಆ ಅಜ್ಜನ ಅಡಿಕೆ ತೋಟ ಗೊತ್ತಿತ್ತು. ಅಲ್ಲಿಂದ ಕಾರು ಊರಿನ ಸೊತ್ತಾಯಿತು. "ಕಾರ್ಬುರೇಟರಿಗೆ ಕಸ ಬಂದಿದೆ" ಅಂದರು ಒಬ್ಬರು. "ಕಾಯಿಲ್ ಹೋಗಿದೆ, ನನ್ನದೂ ಹೀಗೇ ಆಗಿತ್ತು" ಅಂದರು ಇನ್ನೊಬ್ಬರು. ಮೂರನೆಯವರು ಪೆಟ್ರೋಲ್ ಉಂಟಾ ಅಂತ ಕೇಳಿದಾಗ ಭಾವನಿಗೆ ಸ್ವಲ್ಪ ಸಿಟ್ಟು ಬಂತು. ಆ ಪ್ರಶ್ನೆಗೆ ಎಲ್ಲರಿಗೂ ಬರುತ್ತದೆ.

ಕೊನೆಗೆ ಎದುರಿನ ಸ್ಟ್ಯಾಂಡಿನ ರಿಕ್ಷಾದವರೊಬ್ಬರು ಮಾತಿಲ್ಲದೆ ಬಂದು ಬ್ಯಾಟರಿಯ ಟರ್ಮಿನಲ್ ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಿತು. ಸುತ್ತ ಹಸಿರು ಬೆರೆತ ಬಿಳಿ ಹಿಟ್ಟು ಕಟ್ಟಿಕೊಂಡಿತ್ತು. ಹೋಟೆಲಿನಿಂದ ಒಂದು ಚೊಂಬು ಬಿಸಿನೀರು ತರಿಸಿ ಹೊಯ್ದರು, ಹಿಟ್ಟು ಚುಯ್ಯೆಂದು ನೊರೆಯೆದ್ದು ಇಳಿಯಿತು. ಜೇಬಿನಿಂದ ಒಂದು ಸಣ್ಣ ಆಣಿ ತೆಗೆದು ಟರ್ಮಿನಲ್ಲಿನ ಸಂದಿಗೆ ಸಿಕ್ಕಿಸಿ, ಕಲ್ಲಿನಿಂದ ಮೆಲ್ಲ ಎರಡು ಪೆಟ್ಟು ಕೊಟ್ಟರು. ಅಷ್ಟರಲ್ಲಿ ಬ್ಯಾಟರಿಯ ಜೀವ ಅರ್ಧ ಹೋಗಿದ್ದರಿಂದ "ಇನ್ನು ದೂಡಬೇಕಷ್ಟೆ" ಅಂದರು.

ದೂಡುವುದು ಒಂದು ವಿದ್ಯೆ. ಒಳಗೆ ಕೂತವನು ಎರಡನೆಯ ಗೇರಿನಲ್ಲಿಟ್ಟು ಕ್ಲಚ್ ಒತ್ತಿ ಹಿಡಿದಿರಬೇಕು, ಓಟ ಸಿಕ್ಕ ಕೂಡಲೇ ಬಿಡಬೇಕು. ಬೇಗ ಬಿಟ್ಟರೆ ದೂಡುವವರ ಎದೆಗೆ ಡಿಕ್ಕಿ, ತಡವಾದರೆ ಅವರ ಬಾಯಿಂದ ಸಹಸ್ರನಾಮ. ಎಂಜಿನ್ ಹಿಡಿದ ಮೇಲೆ ಭಾವ ನಿಲ್ಲಿಸಲಿಲ್ಲ, ನಿಲ್ಲಿಸುವಂತೆಯೂ ಇರಲಿಲ್ಲ. ಹಿಂದಿರುಗಿ ನೋಡಿದರೆ ದೂಡಿದವರು ಆಗಲೇ ಅವರವರ ಬಸ್ಸಿನಲ್ಲಿದ್ದರು. ಕಲ್ಲಡ್ಕಕ್ಕೆ ಕರೆದೊಯ್ದು ಎಲ್ಲರಿಗೂ ಕೆ.ಟಿ. ಕುಡಿಸಬೇಕಿತ್ತು, ಮೇಲೆ ಡಿಕಾಕ್ಷನ್ ಕೆಳಗೆ ಹಾಲು ಒಂದಕ್ಕೊಂದು ಬೆರೆಯದೆ ನಿಂತ ಆ ಚಹಾ. ಆದರೆ ಯಾರನ್ನಂತ ಕರೆಯುವುದು?

ಈ ಉಪಕಾರಬುದ್ಧಿ ನಮ್ಮ ಜಿಲ್ಲೆಗೆ ಬಸ್ಸಿನಿಂದ ಬಂದದ್ದಿರಬೇಕು ಅಂತ ನನ್ನ ಗುಮಾನಿ. ಮಂಗಳೂರಿನಲ್ಲಿ ಸಿ.ಪಿ.ಸಿ. ಬಸ್ ಕಂಪೆನಿ ಶುರುವಾದದ್ದು 1914ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲವನ್ನು ಹಿರಿಯರು ಈಗಲೂ ವರ್ಣಿಸುವುದುಂಟು: ಹಿಂಬದಿಗೆ ಕಟ್ಟಿದ ಒಲೆ, ತಿರುಗಿಸಿ ತಿರುಗಿಸಿ ಗಾಳಿ ಹಾಕುವ ಕ್ಲೀನರ್, ಚಡಾವು ಬಂದರೆ ಇಳಿದು ನಡೆಯುವ, ಬೇಕಾದರೆ ದೂಡುವ ಪ್ರಯಾಣಿಕರು. ಟಿಕೆಟ್ ತೆಗೆದುಕೊಂಡು ದೂಡಿದ ಜನರ ಮೊಮ್ಮಕ್ಕಳಿಗೆ ಪುಕ್ಕಟೆ ದೂಡುವುದು ಏನು ಮಹಾ.

ಬೆಳ್ತಂಗಡಿ ಕಡೆ ಕಾರು ನಿಂತರೆ ಕಾರಣ ಹುಡುಕುವ ಕ್ರಮವೇ ಬೇರೆ. "ಧರ್ಮಸ್ಥಳಕ್ಕೆ ಹರಕೆ ಬಾಕಿ ಉಂಟಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ರೇಡಿಯೇಟರ್ ತೂತಾದವನಿಗೂ ಆಗ ಏನೋ ನೆನಪಾಗಿ ಮುಖ ಸಣ್ಣದಾಗುತ್ತದೆ. ಅಂಥವರು ಧರ್ಮಸ್ಥಳ ಮುಟ್ಟಿದ ಮೇಲೆ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಬೇಕು. ಥಳಥಳ ಹೊಳೆಯುತ್ತ ನಿಂತಿವೆ. ಅವು ತಮ್ಮ ಯೌವನದಲ್ಲಿ ಎಲ್ಲೆಲ್ಲಿ ಕೆಟ್ಟು ನಿಂತಿದ್ದವು ಅಂತ ಬರೆದದ್ದು ಮಾತ್ರ ನಾನು ಕಂಡಿಲ್ಲ.

ಚಾರ್ಮಾಡಿ ತಿರುವಿನಲ್ಲಿ ಲಾರಿ ಕೆಟ್ಟರೆ ಹಿಂದೆ ನಾಲ್ಕು ಹಸಿರು ಗೆಲ್ಲು, ಚಕ್ರಕ್ಕೆ ದಪ್ಪ ಕಲ್ಲು. ಲಾರಿ ಸರಿಯಾಗಿ ಹೊರಟುಹೋಗುತ್ತದೆ, ಕಲ್ಲು ಅಲ್ಲೇ ಉಳಿದು ಮುಂದಿನ ಬೈಕಿನವನಿಗೆ ಕಾಯುತ್ತದೆ. ಇದೊಂದು ವಿಷಯದಲ್ಲಿ ನಮ್ಮವರನ್ನು ಹೊಗಳುವುದಕ್ಕೆ ನನಗೆ ಮನಸ್ಸಿಲ್ಲ. ವೇಣೂರಿನಲ್ಲಿ ಕೆಟ್ಟರೆ ಅಷ್ಟು ಬೇಸರವಿಲ್ಲ. 35 ಅಡಿಯ ಬಾಹುಬಲಿ 1604ರಿಂದ ನಿಂತಲ್ಲೇ ನಿಂತಿರುವ ಊರಲ್ಲಿ ಅರ್ಧ ಗಂಟೆ ನಿಂತದ್ದನ್ನು ದೊಡ್ಡದು ಮಾಡಲು ನಾಚಿಕೆಯಾಗುತ್ತದೆ. ಮೂಡುಬಿದಿರೆಯಲ್ಲಿ ಕಂಬಳದ ರಾತ್ರಿ ಗದ್ದೆಬದಿಯಲ್ಲಿಟ್ಟ ಕಾರುಗಳು ಬೆಳಿಗ್ಗೆ ಹೂತುಕೊಂಡಿರುವುದುಂಟು. ಕೋಣಗಳು ಕೆಸರಲ್ಲಿ ಹಾರಿದ್ದನ್ನು ಇಡೀ ರಾತ್ರಿ ನೋಡಿದವರು ಅಲ್ಲೇ ಚಕ್ರ ತಿರುಗಿಸಿ ಒಬ್ಬರ ಮೇಲೊಬ್ಬರು ಕೆಸರು ಹಾರಿಸುತ್ತಾರೆ.

ಈಗಿನ ಕಾರುಗಳು ಈ ಸುಖವನ್ನೆಲ್ಲ ತಪ್ಪಿಸಿವೆ. ಇತ್ತೀಚೆಗೆ ಭಾವನ ಹೊಸ ಕಾರು ಬಿ.ಸಿ. ರೋಡ್ ಕೈಕಂಬದಲ್ಲಿ ನಿಂತಾಗ ವಾಡಿಕೆಯಂತೆ ಬಾನೆಟ್ ಎತ್ತಿದ. ವಾಡಿಕೆಯಂತೆ ಜನ ಸೇರಿದರು, ಬಗ್ಗಿದರು. ಕಂಡದ್ದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅಲ್ಲಾಡಿಸುವುದಕ್ಕೆ ಏನೂ ಇಲ್ಲ. "ಇದರಲ್ಲಿ ಎಂಜಿನ್ ಉಂಟಾ?" ಅಂತ ಒಬ್ಬರು ಅಜ್ಜ ಕೇಳಿದರು. ದೂಡೋಣ ಅಂದರೆ ಆಟೋಮ್ಯಾಟಿಕ್, ದೂಡಿದರೆ ಸ್ಟಾರ್ಟಾಗುವ ಜಾತಿಯಲ್ಲ. ಕೈ ಖಾಲಿಯಾದ ಜನ ಒಬ್ಬೊಬ್ಬರಾಗಿ ಸರಿದರು, ಪಾಪ, ಅವರಿಗೇ ಅವಮಾನವಾದ ಹಾಗಿತ್ತು.

ಭಾವ ಸಹಾಯವಾಣಿಗೆ ಫೋನು ಮಾಡಿದ. ಎಲ್ಲೋ ದೂರದ ಊರಿನಿಂದ ಒಂದು ಹೆಣ್ಣುದನಿ ಅತಿ ವಿನಯದಿಂದ ಪಿನ್ ಕೋಡ್ ಕೇಳಿತು, ಚಾಸಿ ನಂಬರ್ ಕೇಳಿತು. ಮನೆ ಎಲ್ಲಿ, ಯಾರ ಪೈಕಿ ಅಂತ ಕೇಳಲಿಲ್ಲ. ಜಾಗ ಯಾವುದು ಅಂದದ್ದಕ್ಕೆ ಭಾವ "ಕೈಕಂಬ" ಅಂದ. ಒಂದೂವರೆ ಗಂಟೆ ಕಳೆದ ಮೇಲೆ ಎಳೆದೊಯ್ಯುವ ಗಾಡಿಯವನ ಫೋನು ಬಂತು.

"ಸಾರ್, ನಾನು ಕೈಕಂಬದಲ್ಲೇ ಇದ್ದೇನೆ. ನಿಮ್ಮ ಕಾರೇ ಕಾಣುವುದಿಲ್ಲವಲ್ಲ?"

ಪಕ್ಕದಲ್ಲಿ ಬೀಡಿ ಹಚ್ಚಿ ನಿಂತಿದ್ದ ರಿಕ್ಷಾದವರು ಕೈ ಚಾಚಿ ಫೋನು ಇಸಿದುಕೊಂಡರು.

"ಅದು ಗುರುಪುರ ಕೈಕಂಬ ಮಾರಾಯ, ಮೂಡುಬಿದಿರೆ ರೋಡಿನದ್ದು. ಪೊಳಲಿ ಮೇಲೆ ಬಾ. ಹೇಗೂ ದೇವಸ್ಥಾನದ ಎದುರೇ ಬರುವುದಲ್ಲ, ಅಮ್ಮನಿಗೆ ಒಂದು ಕೈ ಮುಗಿದು ಬಾ, ನಾವು ಇಲ್ಲೇ ಇದ್ದೇವೆ. ಅದಿರಲಿ, ನಿನಗೆ ಮನೆ ಎಲ್ಲಿ?"